ಪಾಚಿ ಮೇಡಂ ಪಡೋ ಪಾಡು

ಬೇರೆಯವರ ಆಫೀಸಿನಲ್ಲಿ ಇಂಥವು ಅಪರೂಪಕ್ಕೆ ನಡೆಯುತ್ತವೇನೋ, ನನಗಂತೂ ಒಂದು ಮುಗಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತೆ. ತಪ್ಪು ನನ್ನದಲ್ಲ, ನನ್ನ ಕೆಲಸದ್ದು. ನನ್ನ ಗಂಡ ಇಲ್ಲೇ ಸಿಂಗಪುರದ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. "ಏನು ಕೆಲಸ?" ಅಂತ ಯಾರಾದರೂ ಕೇಳಿದರೆ "ಬ್ಯಾಂಕು" ಅಂತಾರೆ, ಅಲ್ಲಿಗೆ ಮುಗೀತು. ಅವರಿಗೆ ಯಾರೂ ಎರಡನೇ ಪ್ರಶ್ನೆ ಕೇಳಿದ್ದು ನಾನು ಕಂಡಿಲ್ಲ. ನಾನು "ಉತ್ತರ ಧ್ರುವದ ಪಾಚಿ" ಅಂದ ತಕ್ಷಣ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಎರಡು ಹೆಜ್ಜೆ ಮುಂದೆ ಬರುತ್ತಾರೆ.

ವಿಷಯ ಇಷ್ಟೇ. ಪಾಚಿಗೆ ಬೇರಿಲ್ಲ. ನೆಲದಿಂದ ಅದು ಹೆಚ್ಚೇನೂ ಎಳೆದುಕೊಳ್ಳಲ್ಲ, ಗಾಳಿ ಮಳೆ ಮಂಜು ತಂದು ಹಾಕಿದ್ದೇ ಅದಕ್ಕೆ ಊಟ. ಗಾಳಿಯಲ್ಲಿ ಸೀಸ, ಪಾದರಸ, ಮಸಿ ಇದ್ದರೆ ಅದನ್ನೂ ಬೇಡ ಅನ್ನದೆ ಮೈಗೆ ಸೇರಿಸಿಕೊಂಡು ಕೂರುತ್ತೆ. ಧ್ರುವದ ಹತ್ತಿರದ ದ್ವೀಪಗಳಲ್ಲಿ ಹೇಳಿಕೊಳ್ಳುವಂಥ ಕಾರ್ಖಾನೆ ಇಲ್ಲ, ಟ್ರಾಫಿಕ್ ಇಲ್ಲ. ಅಲ್ಲಿನ ಪಾಚಿಯಲ್ಲಿ ಸೀಸ ಸಿಕ್ಕರೆ ಅದು ಬಹುಪಾಲು ನಮ್ಮಂಥವರ ಊರುಗಳಿಂದ ಗಾಳಿ ಹತ್ತಿ ಹೋಗಿದ್ದು. ಎಷ್ಟು ಹೋಗಿದೆ, ಎಲ್ಲಿಂದ ಹೋಗಿದೆ ಅಂತ ಆ ಪಾಚಿಯನ್ನು ತಂದು ಸಿಂಗಪುರದ ಲ್ಯಾಬಿನಲ್ಲಿ ಅಳೆಯೋದು ನನ್ನ ಕೆಲಸ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ, ಅವರಲ್ಲಿ ಎಷ್ಟು ಜನ ಅರ್ಥ ಮಾಡಿಕೊಂಡರೋ, ನೀವೇ ನೋಡಿ.

ಬಾಗಿಲಿಗೆ ಕಟ್ಟಿದ ಚೀಲ

ಧ್ರುವಕ್ಕೆ ಹೋಗೋ ಮುಂಚೆ ಇಲ್ಲೇ ಊರಲ್ಲಿ ಕೈ ಪಳಗಿಸಿಕೊಳ್ಳಿ ಅಂದರು ನಮ್ಮ ಪ್ರೊಫೆಸರ್. ಇಲ್ಲೇ ಹುಟ್ಟಿ ಬೆಳೆದ ಚೀನೀ ಮನುಷ್ಯ, ಮೆತ್ತಗೆ ಮಾತಾಡುತ್ತಾರೆ, ಆದರೆ ಹೇಳಿದ್ದು ಆಗಲೇಬೇಕು. ಶುದ್ಧ ಪಾಚಿಯನ್ನು ನೈಲಾನ್ ಬಲೆಯ ಪುಟ್ಟ ಚೀಲದಲ್ಲಿ ತುಂಬಿ, ಊರಿನ ಬೇರೆ ಬೇರೆ ಕಡೆ ನೇತುಹಾಕಿ, ಕೆಲವು ವಾರ ಬಿಟ್ಟು ಅಳೆಯಬೇಕು. ಜುರಾಂಗ್ ವೆಸ್ಟಿನ ಕಾರ್ಖಾನೆಗಳ ಹತ್ತಿರ ಒಂದು, ದೊಡ್ಡ ರಸ್ತೆ ಪಕ್ಕ ಒಂದು, ಹೀಗೆ ಕಟ್ಟಿ, ಕೊನೆಯದನ್ನು ಟೋವಾ ಪಾಯೋದ ನಮ್ಮ ಮನೆ ಬಾಗಿಲಲ್ಲೇ ಕಟ್ಟಿದೆ. ಹಳೇ ಬ್ಲಾಕು, ಉದ್ದ ಕಾರಿಡಾರು, ಎಲ್ಲರ ಬಾಗಿಲೂ ಎಲ್ಲರಿಗೂ ಕಾಣುತ್ತೆ.

ಮಾರನೇ ದಿನ ಎದುರು ಸಾಲಿನ ವಯಸ್ಸಾದ ಚೀನೀ ಆಂಟಿ ತಮ್ಮ ಬಾಗಿಲ ಮೇಲೆ ಎಂಟು ಮೂಲೆಯ ಪುಟ್ಟ ಕನ್ನಡಿ ಹಾಕಿದರು. ಅದರ ಮುಖ ಸರಿಯಾಗಿ ನಮ್ಮ ಬಾಗಿಲಿಗೆ. ಅದುವರೆಗೆ ದಿನಾ ನಗುತ್ತಿದ್ದವರು ನನ್ನ ಕಂಡರೆ ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿಯೋಕೆ ಶುರುಮಾಡಿದರು. ನನಗೇನೂ ಹೊಳೆಯಲಿಲ್ಲ. ಇಲ್ಲೇ ಬೆಳೆದ ನನ್ನ ಮಗಳಿಗೆ ಸ್ನೇಹಿತೆಯರಿಂದ ಸ್ವಲ್ಪ ಮ್ಯಾಂಡರಿನ್ ಬರುತ್ತೆ. ಅವಳು ಆಂಟಿ ಹತ್ತಿರ ಮಾತಾಡಿ ಬಂದು, ಇಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಹೇಳಿದಳು: "ಅಮ್ಮ, ಆಂಟಿಗೆ ನಿನ್ನ ಕಂಡ್ರೆ ಭಯ ಲಾ. ನೀನು ಏನೋ ಬ್ಲ್ಯಾಕ್ ಮ್ಯಾಜಿಕ್ ಮಾಡಿ ಕಟ್ಟಿದೀಯ ಅಂದ್ಕೊಂಡಿದಾರೆ. ಕನ್ನಡಿ ಅದನ್ನ ವಾಪಸ್ ಕಳಿಸೋಕಂತೆ."

ತಕ್ಷಣ ಮಗಳನ್ನು ಕರೆದುಕೊಂಡು ಹೋದೆ. ನಾನು ಹೇಳಿದ್ದನ್ನು ಅವಳು ಅನುವಾದ ಮಾಡಿದಳು.

"ಆಂಟಿ, ಇದು ಗಾಳಿಯಲ್ಲಿರೋ ಕೊಳಕನ್ನ ಹಿಡಿಯೋಕೆ, ಅಷ್ಟೇ."

ಆಂಟಿಯ ಮುಖ ಬದಲಾಯಿತು. ಸುತ್ತ ನೋಡಿ ದನಿ ತಗ್ಗಿಸಿ ಕೇಳಿದರು: "ಕಣ್ಣಿಗೆ ಕಾಣದೇ ಇರೋದನ್ನಾ?"

"ಹೌದು, ಕಣ್ಣಿಗೆ ಕಾಣಲ್ಲ."

"ಕತ್ತಲೆಯಲ್ಲೂ ಹಿಡಿಯುತ್ತಾ?"

"ಹಗಲು ರಾತ್ರಿ ಎರಡೂ ಹೊತ್ತು."

ನನಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಇಷ್ಟು ಒಳ್ಳೆ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಆಂಟಿ ಕನ್ನಡಿ ತೆಗೆದುಬಿಟ್ಟು, ತಮ್ಮ ಬಾಗಿಲಿಗೂ ಒಂದು ಚೀಲ ಕೊಡ್ತೀಯಾ ಅಂದರು. ಕೊಟ್ಟೆ. ಅವರ ಪಕ್ಕದವರು ಕೇಳಿದರು, ಅವರಿಗೂ ಕೊಟ್ಟೆ. ಮೂಲೆ ಮನೆಯವರೂ ಬಂದರು. ಒಂದೇ ಮಹಡಿಯಲ್ಲಿ ಇಷ್ಟೊಂದು ಕಡೆ ಅಳತೆ ಸಿಗುತ್ತಲ್ಲ ಅಂತ ಪ್ರೊಫೆಸರಿಗೂ ಖುಷಿ.

ಆಮೇಲೆ ಒಂದು ದಿನ ಊಟ ಮಾಡುವಾಗ ಮಗಳು ಸುಮ್ಮನೆ ಅಂದಳು: "ಅಮ್ಮ, ಅವರ ಮಾತಲ್ಲಿ 'ಕೊಳಕು ವಸ್ತು' ಅಂದ್ರೆ ದೆವ್ವ. ನಿಂಗೊತ್ತಲ್ವಾ?"

ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. "ಮೊದಲೇ ಯಾಕೆ ಹೇಳ್ಲಿಲ್ಲ? ಹೋಗಿ ಅವರಿಗೆ ನಿಜ ಹೇಳು."

"ನೀನು ಹೇಳಿದ್ದೆಲ್ಲ ನಿಜಾನೇ ಅಲ್ವಾ? ಗಾಳೀಲಿ ಇರುತ್ತೆ, ಕಣ್ಣಿಗೆ ಕಾಣಲ್ಲ, ಹೆಲ್ತಿಗೆ ಒಳ್ಳೇದಲ್ಲ."

ನಾನೇ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅವರ ಚೀನೀ ಪಂಚಾಂಗದ ಏಳನೇ ತಿಂಗಳು ಬಂತು. ನಮ್ಮ ಪಿತೃಪಕ್ಷ ಇದ್ದ ಹಾಗೆ. ಹಿರಿಯರ ಆತ್ಮಗಳು ಭೂಮಿಗೆ ಬರುತ್ತವೆ ಅಂತ ಬ್ಲಾಕಿನ ಕೆಳಗೆ ದಿನಾ ಕಾಗದ, ಊದುಬತ್ತಿ ಸುಡುತ್ತಾರೆ. ಹೊಗೆ ನೇರ ನಮ್ಮ ಕಾರಿಡಾರಿಗೆ. ಚೀಲಗಳನ್ನು ಬಿಚ್ಚಿ ಅಳೆದಾಗ ಮಸಿಯೋ ಮಸಿ. ಲಿಫ್ಟಿನ ಹತ್ತಿರ ಆಂಟಿ ಸಿಕ್ಕಿ, ಮಗಳ ಕೈಯಲ್ಲಿ ಕೇಳಿಸಿದರು, ಏನಾದರೂ ಸಿಕ್ಕಿತಾ ಅಂತ.

"ಸಿಕ್ತು ಆಂಟಿ. ಈ ತಿಂಗಳು ಮಾಮೂಲಿಗಿಂತ ಬಹಳ ಜಾಸ್ತಿ ಇದೆ," ಅಂದೆ.

ಆಂಟಿ ಸಮಾಧಾನವಾಗಿ ತಲೆಯಾಡಿಸಿದರು. "ಇರಲೇಬೇಕಲ್ಲ, ಎಲ್ಲರೂ ಬಂದಿದ್ದಾರೆ."

ಎರಡು ಮಾತು ಆಡಿ ಮೇಡಂ

ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮಕ್ಕೆ ಕರೆದಿದ್ದರು. "ಧ್ರುವಕ್ಕೆ ಹೋಗ್ತಿರೋ ನಮ್ಮ ಹೆಮ್ಮೆಯ ಕನ್ನಡತಿ ನೀವು, ಎರಡು ಮಾತು ಆಡಲೇಬೇಕು ಮೇಡಂ" ಅಂತ ಕಾರ್ಯಕ್ರಮದ ಉಸ್ತುವಾರಿ ನೋಡುತ್ತಿದ್ದವರು ಫೋನಿನಲ್ಲಿ ಒತ್ತಾಯ ಮಾಡಿದರು. ನಾನು ಮೂರು ಭಾನುವಾರ ಕೂತು ಕನ್ನಡದಲ್ಲಿ ಬರೆದುಕೊಂಡೆ. ಪಾಚಿ ಅನ್ನಬೇಕೋ ಹಾವಸೆ ಅನ್ನಬೇಕೋ ಅಂತ ಗಂಡನ ಜೊತೆ ಜಗಳವೂ ಆಯಿತು. ಹಾವಸೆ ಶುದ್ಧ ಕನ್ನಡ ಅಂದೆ. ಹಾವಸೆ ಅಂದರೆ ಅರ್ಧ ಸಭೆ ಹಾವು ಅಂದುಕೊಳ್ಳುತ್ತೆ ಅಂದರು.

ಮಕ್ಕಳ ಡ್ಯಾನ್ಸು ಮುಗಿದು, ಸೀರೆ ಫ್ಯಾಷನ್ ಶೋ ಮುಗಿದು, ಸಭಾಂಗಣದ ಹಿಂದಿನಿಂದ ಬಿಸಿಬೇಳೆ ಬಾತಿನ ಘಮ ಏಳುವ ಹೊತ್ತಿಗೆ ನನ್ನನ್ನು ಕರೆದರು. ನಿರೂಪಕಿ ನನ್ನ ಕೆಲಸದ ಹೆಸರು ಚೀಟಿಯಲ್ಲಿ ನೋಡಿ, ಒಂದು ಕ್ಷಣ ತಡವರಿಸಿ, "ಈಗ ನಮ್ಮೆಲ್ಲರ ಪ್ರೀತಿಯ ಪಾಚಿ ಮೇಡಂ" ಅಂದಳು. ಆ ಹೆಸರು ಇವತ್ತಿಗೂ ನನ್ನ ಬಿಟ್ಟಿಲ್ಲ.

ಮಾತಾಡಿದೆ. ಗಾಳಿಗೆ ಪಾಸ್‌ಪೋರ್ಟ್ ಬೇಡ, ನಾವು ಇಲ್ಲಿ ಬಿಟ್ಟ ಹೊಗೆ ಎಲ್ಲೋ ಹಿಮದ ಮೇಲೆ ಇಳಿಯುತ್ತೆ, ಯಾರೂ ಇಲ್ಲದ ಜಾಗದಲ್ಲಿ ಪಾಚಿ ಅದಕ್ಕೆ ಸಾಕ್ಷಿಯಾಗಿ ಕೂತಿರುತ್ತೆ, ಅಂತೆಲ್ಲ. ಜನ ಫೋನ್ ನೋಡುತ್ತಿದ್ದರು. ನಾನು ಪ್ರಶ್ನೆ ಇದ್ದರೆ ಕೇಳಿ ಅಂದೆ. ಕೆಳಗಿಳಿಯೋಣ ಅನ್ನುವಷ್ಟರಲ್ಲಿ ಮೂರನೇ ಸಾಲಿನಲ್ಲಿ ಒಬ್ಬರು ಆಂಟಿ ಕೈ ಎತ್ತಿದರು. ಆಗ ನನಗಾದ ಆನಂದ ಹೇಳತೀರದು.

"ಮೇಡಂ, ನಮ್ಮ ಕಾಂಡೋ ಫ್ಲಾಟಿನ ಬಾತ್ರೂಮಲ್ಲಿ ಟೈಲ್ಸ್ ಮಧ್ಯೆ ಕಪ್ಪಗೆ ಪಾಚಿ ಕಟ್ಟುತ್ತೆ. ಎಷ್ಟು ಉಜ್ಜಿದ್ರೂ ಹೋಗಲ್ಲ. ಅದಕ್ಕೇನು ಹಾಕ್ಬೇಕು?"

ಅದು ಪಾಚಿ ಅಲ್ಲ, ಬೂಷ್ಟು, ನನ್ನ ವಿಷಯ ಬೇರೆ ಅಂತ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಇಡೀ ಸಭೆ ಎದ್ದು ಕೂತಿತ್ತು. ಫೋನುಗಳು ಕೆಳಗಿಳಿದವು. ಒಬ್ಬರು ವಿನೆಗರ್ ಅಂದರು, ಇನ್ನೊಬ್ಬರು ಅಡುಗೆ ಸೋಡ ಅಂದರು, ಹಿಂದಿನಿಂದ ಒಬ್ಬ ಅಂಕಲ್ ಎದ್ದು ನಿಂತು ಹಳೇ ಟೂತ್ ಬ್ರಷ್ಷಿನ ವಿಧಾನವನ್ನು ಕೈಯಲ್ಲಿ ಮಾಡಿ ತೋರಿಸಿದರು. ಕಿಟಕಿ ತೆಗೆದಿಡಬೇಕೋ ಎಕ್ಸಾಸ್ಟ್ ಫ್ಯಾನ್ ಸಾಕೋ ಅನ್ನೋದರ ಮೇಲೆ ಎರಡು ಪಕ್ಷವಾಯಿತು. ನನ್ನನ್ನು ಕೇಳದೆ ನನ್ನನ್ನೇ ತೀರ್ಪುಗಾರಳನ್ನಾಗಿ ಮಾಡಿದರು. ಬಿಸಿಬೇಳೆ ಬಾತು ತಣ್ಣಗಾಯಿತು, ಯಾರಿಗೂ ಗಮನವಿಲ್ಲ.

ಕೊನೆಗೆ ವಂದನಾರ್ಪಣೆಯಲ್ಲಿ ಹಾರ ಹಾಕಿ ಹೇಳಿದರು: "ಮನೆಯ ಬಾತ್ರೂಮ್ ಸ್ವಚ್ಛತೆಯ ಬಗ್ಗೆ ಇಷ್ಟು ಉಪಯುಕ್ತ ಮಾಹಿತಿ ಕೊಟ್ಟ ಪಾಚಿ ಮೇಡಂ ಅವರು, ಈ ಸಂಬಂಧ ಹೆಚ್ಚಿನ ಅಧ್ಯಯನಕ್ಕಾಗಿ ಉತ್ತರ ಧ್ರುವಕ್ಕೆ ಹೋಗುತ್ತಿದ್ದಾರೆ."

ಪರೀಕ್ಷೆಗೆ ಬರುತ್ತಾ?

ಮಗಳ ಸ್ಕೂಲಿನಿಂದ ಕರೆ ಬಂತು. ಮಕ್ಕಳಿಗೆ ಪರಿಸರದ ಬಗ್ಗೆ ಸ್ಫೂರ್ತಿ ತುಂಬಬೇಕಂತೆ. "ಬರಬೇಡ ಅಮ್ಮ, ಪ್ಲೀಸ್" ಅಂದಳು ಮಗಳು. ಹೋದೆ.

ಈ ಸಲ ಚಿತ್ರಗಳನ್ನು ತೋರಿಸಿದೆ, ಒಣಗಿದ ಪಾಚಿಯ ಮೇಲೆ ನೀರು ಚಿಮುಕಿಸಿ ಅದು ಹಸಿರಾಗಿ ಅರಳೋದನ್ನು ಕಣ್ಣೆದುರೇ ತೋರಿಸಿದೆ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು, ಕೆಲವರು ಸರಸರ ಬರೆದುಕೊಳ್ಳುತ್ತಿದ್ದರು. ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಕೈ ಎತ್ತಿದಳು.

"ಮಿಸ್, ದಿಸ್ ಒನ್ ಪರೀಕ್ಷೆಗೆ ಬರುತ್ತಾ?"

"ಇಲ್ಲಮ್ಮ," ಅಂದೆ.

ಇಡೀ ತರಗತಿ ಒಟ್ಟಿಗೆ ಪೆನ್ನು ಮುಚ್ಚಿದ ಸದ್ದು ಕೇಳಿಸಿತು. ಕಿಟಕಿ ಪಕ್ಕ ನಿಂತಿದ್ದ ಟೀಚರೂ ಮುಚ್ಚಿದರು.

ಗುರುತು ಹಾಕಿದ ಜಾಗ

ಅಂತೂ ಅಲ್ಲಿನ ಬೇಸಿಗೆಯಲ್ಲಿ, ಜುಲೈ ತಿಂಗಳಲ್ಲಿ, ಧ್ರುವಕ್ಕೆ ಹೊರಟೆವು. ನನ್ನ ಜೊತೆ ಬಂದವರು ಲ್ಯಾಬಿನ ಮಷಿನ್ ನೋಡಿಕೊಳ್ಳುವ ಮೈಸೂರಿನ ಸಹೋದ್ಯೋಗಿ. ಇಬ್ಬರು ಮಕ್ಕಳ ತಂದೆ, ನಿಧಾನಸ್ಥ, ಕೆಲಸದಲ್ಲಿ ಅಚ್ಚುಕಟ್ಟು. ಅವರ ಬಗ್ಗೆ ಇನ್ನೂ ಹೇಳೋದಿದೆ.

ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದ ಬೇರೆ ತಂಡದವರು ಒಂದು ಕಣಿವೆಯಲ್ಲಿ ಒಳ್ಳೆ ಪಾಚಿ ಇರುವ ಜಾಗಗಳನ್ನು ಆರಿಸಿ, ಕೆಂಪು ಬಾವುಟ ನೆಟ್ಟು ಬಂದಿದ್ದರು. ದಾರಿ ಇಲ್ಲ, ಊರಿಲ್ಲ, ದೋಣಿಯಲ್ಲಿ ಹೋಗಿ ಆಮೇಲೆ ನಡೀಬೇಕು. ಹಿಮಕರಡಿ ಬಂದರೆ ಅಂತ ಬಂದೂಕು ಹಿಡಿದ ಗೈಡ್ ಒಬ್ಬರು ಮುಂದೆ. ಅವರು ಸಿಗರೇಟು ಸೇದಬಾರದು, ನಾವು ಉಂಗುರ ಬಳೆ ಹಾಕಬಾರದು, ಗಾಳಿ ಬರುವ ದಿಕ್ಕಿಗೆ ಎದುರಾಗಿ ಕೂತು ಪಾಚಿ ಕೀಳಬೇಕು, ಹೀಗೆ ನೂರೆಂಟು ನಿಯಮ. ಪಾಚಿಗೆ ನಮ್ಮ ಗಾಳಿ ಸೋಕಬಾರದು. ಬ್ಯಾಗು ಹೊತ್ತು ಬೆನ್ನು ಬಿದ್ದುಹೋಗಿತ್ತು, ಆದರೂ ದೂರದಲ್ಲಿ ಕೆಂಪು ಬಾವುಟ ಕಂಡಾಗ ಓಡಿದೆ.

ಬಾವುಟ ಇತ್ತು. ಪಾಚಿ ಇರಲಿಲ್ಲ.

ಎರಡನೇ ಬಾವುಟದ ಹತ್ತಿರವೂ ಇಲ್ಲ. ಮೂರನೆಯದರ ಪಕ್ಕ ಒಂದು ಹಿಮಸಾರಂಗ ನಿಂತು, ನಮ್ಮನ್ನು ನೋಡುತ್ತಾ, ಕೊನೆಯ ತುತ್ತು ಅಗಿಯುತ್ತಿತ್ತು. ಹಿಂದೆ ಅದರ ಬಳಗ. ಬಾವುಟ ಕಂಡ ಕಡೆ ಒಳ್ಳೆ ಪಾಚಿ ಇರುತ್ತೆ ಅಂತ ಅವಕ್ಕೂ ಗೊತ್ತಾಗಿಬಿಟ್ಟಿತ್ತೇನೋ. ಗೈಡ್ ಬಂದೂಕು ಕೆಳಗಿಟ್ಟು ಫೋಟೋ ತೆಗೆದುಕೊಂಡರು. "ಚೆನ್ನಾಗಿದೆ ಅಲ್ವಾ?" ಅಂತ ನನ್ನನ್ನು ಕೇಳಿದರು.

ಸ್ಯಾಟಲೈಟ್ ಫೋನಿನಲ್ಲಿ ಪ್ರೊಫೆಸರಿಗೆ ವರದಿ ಕೊಟ್ಟೆ. "ಪ್ರೊಫ್, ಸ್ಯಾಂಪಲ್ ಇಲ್ಲ. ಹಿಮಸಾರಂಗ ತಿಂದುಬಿಟ್ಟಿದೆ."

ಅವರು ಮೆತ್ತಗೆ ಅಂದರು: "ತಿಂದದ್ದು ಎಲ್ಲಿಗೆ ಹೋಗುತ್ತೆ? ಹೊರಗೆ ಬಂದೇ ಬರುತ್ತಲ್ಲ. ಅದನ್ನೂ ತಗೊಂಡು ಬನ್ನಿ. ಪಾಚಿ ಪಕ್ಕದ ಗುಡ್ಡದಲ್ಲಿ ನೋಡಿ."

ಪಕ್ಕದ ಗುಡ್ಡದಲ್ಲಿ ಪಾಚಿ ಸಿಕ್ಕಿತು, ಬೇಕಾದಷ್ಟು. ಪುಣ್ಯ. ಆದರೆ ಹೇಳಿದ್ದು ಆಗಲೇಬೇಕಲ್ಲ, ಸಾರಂಗ ಬಿಟ್ಟುಹೋದದ್ದನ್ನೂ ಚೀಲ ತುಂಬಿಸಿಕೊಂಡು ಬಂದೆವು. ಸಂಶೋಧನಾ ಕೇಂದ್ರಕ್ಕೆ ವಾಪಸ್ಸಾಗಿ, ಗ್ಲೌಸ್ ಹಾಕಿಕೊಂಡು, ಚಿಮಟದಿಂದ ಒಂದೊಂದೇ ಉಂಡೆ ಆರಿಸಿ ಸಾಲಾಗಿ ಜೋಡಿಸುತ್ತಿದ್ದಾಗ ಹಾಸನದಿಂದ ಅಮ್ಮನ ವಿಡಿಯೋ ಕಾಲ್ ಬಂತು.

"ಏನೇ ಅದು, ಏನು ಮಾಡ್ತಿದೀಯ?"

"ಸಗಣಿ ಆರಿಸ್ತಿದೀನಮ್ಮ."

ಅಮ್ಮ ಕನ್ನಡಕ ಹಾಕಿಕೊಂಡು ಫೋನಿಗೆ ಮುಖ ತಂದು ನೋಡಿದರು. ಆಮೇಲೆ ಕೇಳಿದರು: "ಇದಕ್ಕೆ ಪಿಎಚ್‌ಡಿ ಬೇಕಿತ್ತಾ? ಪಕ್ಕದ ಮನೇಲೇ ಎರಡು ಎಮ್ಮೆ ಇದ್ವಲ್ಲ."

ಸತ್ತಿದೆಯೋ ಬದುಕಿದೆಯೋ

ವಾಪಸ್ಸು ಬರುವಾಗ ವಿಮಾನ ಬದಲಿಸುವ ಊರಿನಲ್ಲಿ ನಮ್ಮ ಪೆಟ್ಟಿಗೆ ತಡೆದರು. ಪರವಾನಗಿ ಕಾಗದಗಳೆಲ್ಲ ಸರಿಯಾಗಿದ್ದವು. ಅಧಿಕಾರಿಯೂ ಒಳ್ಳೆಯವರೇ. ಆದರೆ ಅವರ ಕಂಪ್ಯೂಟರಿನಲ್ಲಿ ಒಂದು ಪ್ರಶ್ನೆ ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ.

"ಈ ಗಿಡ ಜೀವಂತವಾಗಿದೆಯಾ, ಸತ್ತಿದೆಯಾ?"

ನಾನು ನಿಜ ಹೇಳಬೇಕಲ್ಲ. "ಒಣಗಿದೆ. ಆದರೆ ಸತ್ತಿದೆ ಅನ್ನೋಕಾಗಲ್ಲ. ನೀರು ಹಾಕಿದರೆ ಏಳಬಹುದು."

"ಹಾಗಾದ್ರೆ ಜೀವಂತ ಅಂತ ಹಾಕ್ಲಾ?"

"ಹಾಗೂ ಅಲ್ಲ. ಈಗ ಉಸಿರಾಟ ಹೆಚ್ಚುಕಮ್ಮಿ ನಿಂತಿದೆ."

"ನಿದ್ದೆ ಮಾಡ್ತಿದೆಯಾ?"

"ಒಂದು ರೀತೀಲಿ."

ಅವರು ಮೇಲಧಿಕಾರಿಯನ್ನು ಕರೆದರು. ಅವರು ಬಂದು ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಪಾಚಿಯ ಸಹಿಷ್ಣುತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಿದೆ. ಹಿಂದೆ ಕ್ಯೂ ಬೆಳೆಯಿತು. ನಮ್ಮ ವಿಮಾನದ ಹೆಸರನ್ನು ಮೈಕಿನಲ್ಲಿ ಕೊನೆಯ ಸಲ ಕೂಗಿದರು. ಮೇಲಧಿಕಾರಿ ಕೈಮುಗಿಯೋದೊಂದು ಬಾಕಿ. "ಮೇಡಂ, ಒಂದೇ ಒಂದು ಪದ ಹೇಳಿ. ಒಂದೇ."

ಅದುವರೆಗೆ ತುಟಿ ಬಿಚ್ಚದಿದ್ದ ಮೈಸೂರಿನವರು ನನ್ನ ಪಕ್ಕದಿಂದ ಮುಂದೆ ಬಂದು, ತಲೆ ಬಗ್ಗಿಸಿ, ಗಂಭೀರವಾಗಿ ಹೇಳಿದರು: "ಸತ್ತುಹೋಗಿದೆ ಸರ್. ಮೇಡಂಗೆ ಅದನ್ನ ಒಪ್ಕೊಳ್ಳೋಕೆ ಇನ್ನೂ ಆಗ್ತಿಲ್ಲ."

ಅಧಿಕಾರಿಗಳಿಬ್ಬರೂ ನನ್ನ ಕಡೆ ಕನಿಕರದಿಂದ ನೋಡಿದರು. ಒಬ್ಬರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನಿಧಾನಕ್ಕೆ ನನ್ನ ಕೈಗಿಟ್ಟರು.

ಸೀಸದ ಹೊಸ ಮೂಲ

ಪಾಚಿ ಲ್ಯಾಬಿಗೆ ಬಂತು. ಅದನ್ನು ಎರಡು ಪಾಲು ಮಾಡಿ, ಒಂದನ್ನು ಸೀಲ್ ಮಾಡಿ ಫ್ರೀಜರಿನಲ್ಲಿಟ್ಟು, ಇನ್ನೊಂದನ್ನು ಪುಡಿ ಮಾಡಿ ಆಸಿಡ್ಡಿನಲ್ಲಿ ಕರಗಿಸಿ ಅಳೆಯಬೇಕು. ಅಳೆಯುವ ಮಷಿನ್ ಇರೋದು ಕ್ಲೀನ್ ರೂಮಿನಲ್ಲಿ. ಒಳಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಮುಖಕ್ಕೆ ಮಾಸ್ಕ್, ಎರಡು ಜೊತೆ ಗ್ಲೌಸ್. ಸೀಸದ ಒಂದು ಕಣ ಎಲ್ಲೋ ಸೇರಿದರೂ ಲೆಕ್ಕ ಕೆಡುತ್ತೆ. ಈ ಮಷಿನ್ನಿನ ಗುಣ ಹೇಳಬೇಕೆಂದರೆ, ಅದು ಕೆಲಸ ಮಾಡಿದ್ದಕ್ಕಿಂತ ಕೆಟ್ಟು ನಿಂತದ್ದೇ ಜಾಸ್ತಿ. ರಿಪೇರಿ ಎಂಜಿನಿಯರಿಗೆ ನಮ್ಮ ಪ್ಯಾಂಟ್ರಿಯಲ್ಲಿ ಅವರದೇ ಒಂದು ಕಾಫಿ ಮಗ್ ಇತ್ತು.

ಈ ಸಲ ಮಾತ್ರ ಅದು ಒಂದು ಸಲವೂ ಕೈಕೊಡದೆ ಓಡಿತು. ಅಂಕಿಗಳು ಬಂದವು. ಸೀಸ, ನಾವು ನಿರೀಕ್ಷೆ ಮಾಡಿದ್ದಕ್ಕಿಂತ ಎಷ್ಟೋ ಪಟ್ಟು.

ಪ್ರೊಫೆಸರ್ ಕುರ್ಚಿಯಿಂದ ಎದ್ದೇಬಿಟ್ಟರು. ಮೆತ್ತಗಿನ ದನಿ ಮೊದಲ ಸಲ ಏರಿತು. "ಧ್ರುವಕ್ಕೆ ಸೀಸ ಹೋಗೋ ಒಂದು ಹೊಸ ಮೂಲ ಇದೆ. ಯಾರಿಗೂ ಗೊತ್ತಿಲ್ಲ. ನಾವು ಹಿಡಿದಿದೀವಿ." ಮುಂದಿನ ತಿಂಗಳ ದೊಡ್ಡ ಸಮ್ಮೇಳನದಲ್ಲಿ ತಾವು ಮಾತಾಡುವ ವಿಷಯವನ್ನೇ ಬದಲಾಯಿಸಿದರು. ಎರಡು ವರ್ಷದ ಕೆಲಸಕ್ಕೆ ಇದೇ ಕಿರೀಟ ಅಂದರು. ಮುಂದಿನ ಸಲದ ಅನುದಾನವೂ ಇದರ ಮೇಲೇ ನಿಂತಿತ್ತು.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ಸಾರಂಗದ ಸಗಣಿ ಅಳೆದೆ. ಅದರಲ್ಲೂ ಅಷ್ಟೇ ಸೀಸ. ನಾವು ಪಾಚಿಯ ಜೊತೆ ಯಾವಾಗಲೂ ಬರೀ ಶುದ್ಧ ನೀರಿನ ಟ್ಯೂಬೊಂದನ್ನೂ ಅಳೆಯುತ್ತೇವೆ, ಅದರಲ್ಲಿ ಏನೂ ಸಿಗಬಾರದು. ಮೊದಲ ದಿನ, ಪಾಚಿ ಇಡೋ ಮುಂಚೆ ಅಳೆದಾಗ ಏನೂ ಸಿಕ್ಕಿರಲಿಲ್ಲ. ಅದನ್ನು ಮತ್ತೆ ಹೊಸದಾಗಿ ತುಂಬಿಸಿ ಅಳೆದೆ. ಅದರಲ್ಲಿ ಪಾಚಿಗಿಂತ ಜಾಸ್ತಿ.

ಪ್ರೊಫೆಸರ್ ಕಾಗದ ನೋಡಿದರು. ಬಹಳ ಆಸೆಯಿಂದ ಕೇಳಿದರು: "ಈ ನೀರು ಧ್ರುವದ್ದಾ?"

"ಅಲ್ಲ ಪ್ರೊಫ್, ನಮ್ಮ ಲ್ಯಾಬಿಂದೇ."

ಅಂದರೆ ಸೀಸ ಇರೋದು ರೂಮಿನಲ್ಲೇ. ಹುಡುಕಾಟ ಶುರುವಾಯಿತು. ಗೋಡೆಯ ಬಣ್ಣ ಕೆರೆದು ನೋಡಿದೆವು, ಅಲ್ಲಿಲ್ಲ. ನಲ್ಲಿ, ಪೈಪು, ಹೊಸ ಸ್ಟೂಲು, ಒಂದೂ ಅಲ್ಲ. ಕೊನೆಗೆ ರಿಪೇರಿ ಎಂಜಿನಿಯರ್ ಮಷಿನ್ನಿನ ಕೆಳಗೆ ತೂರಿದರು. ಅದು ಚಕ್ರಗಳಿರುವ ಗಟ್ಟಿ ಮೇಜಿನ ಮೇಲೆ ಕೂತಿದೆ. ಒಂದು ನಿಮಿಷ ಬಿಟ್ಟು ಕೆಳಗಿನಿಂದ ಅವರ ದನಿ ಬಂತು: "ಕ್ಲೀನ್ ರೂಮಿನಲ್ಲಿ ನಿಂಬೆಹಣ್ಣು ತಿಂದವರು ಯಾರು?"

ಹೊರಗೆ ಬಂದವರ ಕೈಯಲ್ಲಿ, ಚಿಮಟದ ತುದಿಯಲ್ಲಿ, ಚಪ್ಪಟೆಯಾಗಿ ಒಣಗಿದ ನಿಂಬೆಹಣ್ಣು. "ಇನ್ನೂ ಮೂರಿದೆ. ಪ್ರತಿ ಚಕ್ರದ ಕೆಳಗೂ ಒಂದೊಂದು," ಅಂದರು.

ಉಳಿದವರೆಲ್ಲ ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಯಾರೂ ಏನೂ ಹೇಳಬೇಕಾಗಿರಲಿಲ್ಲ. ತಿರುಗಿ ಮೈಸೂರಿನವರ ಕಡೆ ನೋಡಿದೆ. ಅವರು ಚಾವಣಿಯ ದೀಪ ನೋಡುತ್ತಿದ್ದರು.

ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. "ಆಯುಧ ಪೂಜೆ ಮಾಡಿದ್ರಾ?"

"ಮಾಡ್ದೆ ಮೇಡಂ, ನೀವು ಮೊದಲ ದಿನ ನೀರು ಅಳೆದು ಹೋದ ಸಂಜೆ. ವರ್ಷವೆಲ್ಲ ಕೈಕೊಡೋ ಮಷಿನ್ನು. ಮನೇಲಿ ಮಕ್ಕಳ ಸೈಕಲ್ಲಿಗೂ ಮಾಡ್ದೆ, ಲ್ಯಾಪ್‌ಟಾಪಿಗೂ ಮಾಡ್ದೆ. ಇದಕ್ಕೆ ಮಾತ್ರ ಮಾಡ್ಲಿಲ್ಲ ಅಂದ್ರೆ ಬೇಜಾರಾಗಲ್ವಾ?"

"ಯಾರಿಗೆ?"

"ಮಷಿನ್ನಿಗೆ."

ಹಲ್ಲು ಕಚ್ಚಿಕೊಂಡೆ. "ನಿಂಬೆಹಣ್ಣಿನಲ್ಲಿ ಸೀಸ ಇರಲ್ಲ. ಕುಂಕುಮ ಎಲ್ಲಿ ಹಚ್ಚಿದ್ರಿ?"

"ಮೂರೇ ಬೊಟ್ಟು ಮೇಡಂ. ಟ್ಯೂಬ್ ಇಡ್ತೀವಲ್ಲ, ಫ್ಯಾನ್ ಗಾಳಿ ಬರೋ ಗೂಡು, ಅದರ ಒಳಗೆ ಮೇಲ್ಗಡೆ. ಹೊರಗೆ ಹಚ್ಚಿದ್ರೆ ಯಾರಾದ್ರೂ ನೋಡ್ತಾರೆ ಅಂತ." ನನ್ನ ಮುಖ ನೋಡಿ ಸ್ವಲ್ಪ ನೊಂದುಕೊಂಡವರ ಹಾಗೆ ಸೇರಿಸಿದರು: "ಎರಡೂ ಜೊತೆ ಗ್ಲೌಸ್ ಹಾಕ್ಕೊಂಡೇ ಹಚ್ಚಿದ್ದು. ಕ್ಲೀನ್ ರೂಮ್ ರೂಲ್ಸ್ ನಂಗೊತ್ತಿಲ್ವಾ?"

ಗೂಡಿನ ಫ್ಯಾನು ದಿನವೆಲ್ಲ ಆ ಬೊಟ್ಟುಗಳ ಮೇಲೆ ಬೀಸಿ, ಉದುರಿದ ಪುಡಿಯನ್ನು ಧ್ರುವದ ಪಾಚಿಯ ಟ್ಯೂಬುಗಳಿಗೆ ತಪ್ಪದೆ ಹಂಚಿತ್ತು. ಅಗ್ಗದ ಕುಂಕುಮಕ್ಕೆ ಕೆಂಪು ಬರಲಿ ಅಂತ ಸೀಸದ ಬಣ್ಣ ಬೆರೆಸೋದುಂಟು, ಅರಿಸಿನದಿಂದ ಮಾಡಿದ್ದಾಗಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಅವರ ಮನೆಯಿಂದ ಬಟ್ಟಲು ತರಿಸಿ ಒಂದು ಚಿಟಿಕೆ ಅಳೆದೆವು. ಮಷಿನ್ ತೋರಿಸಬಲ್ಲ ಕೊನೆಯ ಅಂಕಿಯನ್ನೂ ದಾಟಿತು.

ಪ್ರೊಫೆಸರಿಗೆ ಎಲ್ಲವನ್ನೂ ವಿವರಿಸಿದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕೆಲಸದ ಸಲಕರಣೆಗಳಿಗೆ ಗೌರವ ಕೊಡುವ ಹಬ್ಬ ಇದೆ ಅಂತ ಶುರುಮಾಡಿ, ನಿಂಬೆಹಣ್ಣಿನವರೆಗೆ. ಅವರು ಕೂತರು. ಕೂತಲ್ಲಿಂದಲೇ ಕೇಳಿದರು: "ಹಾಗಾದ್ರೆ ಸೀಸದ ಆ ಹೊಸ ಮೂಲ..."

"ಇವರ ದೇವರ ಮನೆ, ಪ್ರೊಫ್."

ಮೈಸೂರಿನವರು ತಲೆ ತಗ್ಗಿಸಿದರು. ಪ್ರೊಫೆಸರ್ ಬಯ್ಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು ಎಲ್ಲರಿಗೂ. ಸಮ್ಮೇಳನದವರಿಗೆ ವಿಷಯ ವಾಪಸ್ಸು ಬದಲಾಯಿಸಿ ಅಂತ ಹೇಳಿ ಕಳಿಸಿದರು. ನಾವು ಗೂಡನ್ನು, ಮೇಜನ್ನು, ನೆಲವನ್ನು ತಿಕ್ಕಿ ತಿಕ್ಕಿ ತೊಳೆದೆವು. ಫ್ರೀಜರಿನಲ್ಲಿ ಸೀಲ್ ಮಾಡಿಟ್ಟ ಅರ್ಧ ಪಾಚಿ ಹಾಗೇ ಇತ್ತು. ಮುಂದೆ ಅದನ್ನೇ ಅಳೆದು ಕೆಲಸ ಉಳಿಸಿಕೊಂಡೆವು, ಸೀಸ ಮಾಮೂಲಿಯಷ್ಟೇ ಇತ್ತು. ಆದರೆ ಅದಕ್ಕೆ ಸಾಕಷ್ಟು ಕಾಯಬೇಕಾಯಿತು. ಯಾಕೆಂದರೆ, ಕುಂಕುಮ ಒರೆಸಿ ನಿಂಬೆಹಣ್ಣು ತೆಗೆದ ಮಾರನೇ ದಿನವೇ ಮಷಿನ್ ನಿಂತುಹೋಯಿತು.

ಎಂಜಿನಿಯರ್ ಬಂದರು, ಬಿಚ್ಚಿದರು, ಜೋಡಿಸಿದರು. ಓಡಲಿಲ್ಲ. ಬಿಡಿಭಾಗ ತರಿಸಿದರು. ಓಡಲಿಲ್ಲ. ಮೈಸೂರಿನವರು ಏನೂ ಮಾತಾಡಲಿಲ್ಲ. ಆದರೆ ಅವರು ಮಾತಾಡದೆ ನಿಲ್ಲುತ್ತಿದ್ದ ರೀತಿ ಇತ್ತಲ್ಲ, ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಪ್ರೊಫೆಸರ್ ನಮ್ಮಿಬ್ಬರನ್ನೂ ಕ್ಲೀನ್ ರೂಮಿನ ಬಾಗಿಲ ಹತ್ತಿರ ಕರೆದರು. ಅತ್ತಿತ್ತ ನೋಡಿ ಜೇಬಿನಿಂದ ಪುಟ್ಟ ಪ್ಯಾಕೆಟ್ ತೆಗೆದರು. ಕೆಂಪು ಪುಡಿ. ನಮ್ಮವರ ಅಂಗಡಿಗಳಿರೋ ಲಿಟ್ಲ್ ಇಂಡಿಯಾಗೆ ತಾವೇ ಹೋಗಿ, ಅಂಗಡಿಯವರನ್ನು ಕೇಳಿ ತಂದಿದ್ದರಂತೆ.

"ರೂಮಿನ ಒಳಗೆ ಬೇಡ," ಅಂದರು. "ಬಾಗಿಲಿಗೆ ಮಾತ್ರ. ಹೊರಗಡೆಯಿಂದ."

"ಪ್ರೊಫ್, ನೀವು ವಿಜ್ಞಾನಿ," ಅಂದೆ. ನನ್ನ ದನಿ ನನಗೇ ಅಳುವಿನ ಹಾಗೆ ಕೇಳಿಸಿತು.

"ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಇದು ಬರೀ ಒಂದು ಪ್ರಯೋಗ," ಅಂದರು.

ಮೈಸೂರಿನವರು ಭಕ್ತಿಯಿಂದ ಎರಡೂ ಕೈ ಚಾಚಿದರು. ನಾನು ನಡುವೆ ಹೋಗಿ ಪ್ಯಾಕೆಟ್ ಕಿತ್ತುಕೊಂಡೆ. ಇಷ್ಟೆಲ್ಲ ಆದ ಮೇಲೆ ಒಬ್ಬರಾದರೂ ಬುದ್ಧಿ ನೆಟ್ಟಗಿಟ್ಟುಕೊಳ್ಳಬೇಕಲ್ಲ. "ಹಚ್ಚೋದೇ ಆದ್ರೆ, ಮೊದಲು ಇದರಲ್ಲಿ ಸೀಸ ಎಷ್ಟಿದೆ ಅಂತ ಅಳೆದು ನೋಡೋಣ," ಅಂದೆ.

ಪ್ರೊಫೆಸರ್ ಸರಿ ಅಂದರು. ಮೈಸೂರಿನವರೂ ಸರಿ ಅಂದರು. ಮೂವರೂ ಒಟ್ಟಿಗೆ ಗಾಜಿನಾಚೆ ಮಷಿನ್ನಿನ ಕಡೆ ತಿರುಗಿದೆವು. ಅದು ಕೆಟ್ಟು ನಿಂತಿತ್ತು.